ಐದು ತಿಂಗಳ ಮಗುವಿನೊಂದಿಗೆ ಒಬ್ಬಳೇ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ: ಕಿವಿ, ನಿದ್ದೆ, ಆಸನದ ಬಗ್ಗೆ ಸಲಹೆ ಬೇಕು

ಪ್ರಶ್ನೆ (ತೀರ್ಥಹಳ್ಳಿಯಿಂದ ಒಬ್ಬ ತಾಯಿ)

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆಂದು ತವರಿಗೆ ಬಂದಿದ್ದ ನಾನು ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಜರ್ಮನಿಗೆ ಮರಳಬೇಕಾಗಿದೆ. ಯಜಮಾನರಿಗೆ ರಜೆ ಸಿಗದ ಕಾರಣ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ವರೆಗೆ ನಾನೊಬ್ಬಳೇ ಹೋಗಬೇಕು. ಹೊರಡುವ ಹೊತ್ತಿಗೆ ಅವಳಿಗೆ ಐದು ತಿಂಗಳು ತುಂಬಿರುತ್ತದೆ. ತೂಕ ಏಳು ಕಿಲೋ ಆಸುಪಾಸು ಇರಬಹುದು. ಪಾಸ್‌ಪೋರ್ಟ್, ವೀಸಾ ಎರಡೂ ಕೈಸೇರಿರುವುದರಿಂದ ಕಾಗದಪತ್ರಗಳ ಚಿಂತೆಯಿಲ್ಲ. ಎದೆಹಾಲಿನ ಜೊತೆಗೆ ದಿನಕ್ಕೊಮ್ಮೆ ಪುಡಿಹಾಲನ್ನೂ ಕುಡಿಸುತ್ತಿದ್ದೇನೆ.

ಮೊದಲ ಅಂಜಿಕೆ ಕಿವಿನೋವಿನದು. ಕಿವಿಗೆ ಹತ್ತಿ ಇಟ್ಟು ಕುಲಾವಿಯನ್ನು ಬಿಗಿಯಾಗಿ ಕಟ್ಟಿದರೆ ಏನೂ ಆಗುವುದಿಲ್ಲವೆಂದು ಅಮ್ಮ ಹೇಳುತ್ತಾರೆ. ಇನ್ನು, ಜೋಲಿಯಲ್ಲಿ ತೂಗದೆ ಇವಳು ಮಲಗುವುದೇ ಇಲ್ಲ; ಹತ್ತಿರದ ನೆಂಟರೊಬ್ಬರು ಶೀತದ ಸಿರಪ್ಪನ್ನು ಅರ್ಧ ಚಮಚ ಕುಡಿಸಿದರೆ ದಾರಿಯುದ್ದಕ್ಕೂ ನಿದ್ದೆ ಮಾಡುತ್ತಾಳೆಂದು ಸೂಚಿಸಿದ್ದಾರೆ, ಆದರೆ ನನಗೆ ಧೈರ್ಯ ಬರುತ್ತಿಲ್ಲ. ಕೊನೆಯದಾಗಿ, ವಿಮಾನದ ಗೋಡೆಗೆ ಸಿಕ್ಕಿಸುವ ತೊಟ್ಟಿಲನ್ನು ಕೇಳುವುದು ಒಳ್ಳೆಯದೋ, ಅಥವಾ ಹಣ ಕೊಟ್ಟು ಮಗುವಿಗೇ ಒಂದು ಸೀಟು ಪಡೆಯುವುದು ಒಳ್ಳೆಯದೋ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಕ್ಕಳ ವೈದ್ಯೆ, ಹುಬ್ಬಳ್ಳಿ)

ಸಿರಪ್ಪಿನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ: ದಯವಿಟ್ಟು ಕೊಡಬೇಡಿ. ಇಂಥ ಕೆಲವು ಸಿರಪ್ಪುಗಳಲ್ಲಿರುವ, ನಿದ್ದೆ ಬರಿಸುವ ಪ್ರೊಮೆಥಜಿನ್ ಎಂಬ ಔಷಧ ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟವನ್ನು ಅಪಾಯಕಾರಿಯಾಗಿ ಕುಗ್ಗಿಸಬಲ್ಲದು. ಈ ವಯಸ್ಸಿನವರಿಗೆ ಅದನ್ನು ಕೊಡಲೇಬಾರದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಔಷಧದ ವಿವರಪತ್ರದಲ್ಲೇ ಚೌಕಟ್ಟು ಹಾಕಿ ಮುದ್ರಿಸುವಂತೆ ಮಾಡಿದೆ. ಇದೇ ಬಗೆಯ ಬೇರೆ ಔಷಧಗಳು ಕೆಲವು ಮಕ್ಕಳಲ್ಲಿ ತದ್ವಿರುದ್ಧವಾಗಿ ಕೆಲಸ ಮಾಡಿ, ಮಗು ಮಲಗುವ ಬದಲು ಇನ್ನಷ್ಟು ರಚ್ಚೆ ಹಿಡಿಯುವುದೂ ಉಂಟು. ಹಿರಿಯರಿಗೆ ಬೇಸರವಾಗದಂತೆ "ಡಾಕ್ಟರು ಬೇಡವೆಂದಿದ್ದಾರೆ" ಎಂದು ನನ್ನ ಮೇಲೆ ಹಾಕಿಬಿಡಿ.

ಇನ್ನು ಕಿವಿ. ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡವು ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಕುಳಿತಂತೆ. ಏರುವಾಗ ಕಿವಿತಮಟೆಯ ಹಿಂದಿನ ಗಾಳಿ ತಾನಾಗಿಯೇ ಹೊರಗೆ ಹೋಗುವುದರಿಂದ ಅಷ್ಟು ತೊಂದರೆಯಿಲ್ಲ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತಾ ತಮಟೆಯನ್ನು ಒಳಕ್ಕೆ ತಳ್ಳುತ್ತದೆ, ಮತ್ತು ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದರೆ ಮಾತ್ರ ಎರಡೂ ಕಡೆ ಸಮನಾಗುತ್ತದೆ. ನೀವು ಆಗುಂಬೆ ಘಾಟಿ ಇಳಿಯುವಾಗ ಕಿವಿ ಗವ್ವೆಂದು ಕಟ್ಟಿಕೊಂಡು, ಎಂಜಲು ನುಂಗಿದ ಕೂಡಲೇ ಬಿಡುವುದು ಇದೇ ಕಾರಣಕ್ಕೆ. ಮಗುವಿಗೆ ನುಂಗೆಂದು ಹೇಳಲಾಗದು, ಹಾಲು ಕುಡಿಸಬಹುದು. ಹೊರಕಿವಿಯಲ್ಲಿರುವ ಹತ್ತಿಯಾಗಲಿ, ಮೇಲಿನ ಕುಲಾವಿಯಾಗಲಿ ಒಳಗಿನ ಆ ನಾಳಕ್ಕೆ ಏನೂ ಮಾಡಲಾರವು. ಕುಲಾವಿ ಚಳಿಗಿರಲಿ, ಹತ್ತಿ ಬೇಡ.

ಹೆಚ್ಚಿನ ತಾಯಂದಿರು ವಿಮಾನ ಮೇಲೇಳುವಾಗ ಹೊಟ್ಟೆ ತುಂಬ ಕುಡಿಸಿ, ಇಳಿಯುವಾಗ ಮಗು ಬಾಯಿ ತಿರುಗಿಸಿತೆಂದು ಕಂಗಾಲಾಗುತ್ತಾರೆ. ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ವಿಮಾನ ಇಳಿಯತೊಡಗಿರುತ್ತದೆ. ಆ ಹೊತ್ತಿಗೆ ಮಗು ಹಸಿದಿರುವಂತೆ ಅದರ ಹಿಂದಿನ ಹಾಲನ್ನು ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಹಾಕಿಕೊಳ್ಳಿ. ಮಲಗಿದ್ದರೆ ಮೆಲ್ಲಗೆ ಎಬ್ಬಿಸಿ, ತಲೆ ತುಸು ಎತ್ತರದಲ್ಲಿರುವಂತೆ ಹಿಡಿದು ಕುಡಿಸಿ. ಒಂದು ವೇಳೆ ಅತ್ತರೂ ಗಾಬರಿಯಾಗಬೇಡಿ, ಅಳುವಾಗಲೂ ಆ ನಾಳ ತೆರೆಯುತ್ತದೆ. ಹೊರಡುವ ವಾರದಲ್ಲಿ ಮೂಗು ಕಟ್ಟಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿಯೇ ಹೊರಡಿ.

ಉತ್ತರ 2 (ಮ್ಯೂನಿಕ್‌ನಲ್ಲಿರುವ ಮೈಸೂರಿನವಳು)

ತಂಗಿ, ತೊಟ್ಟಿಲನ್ನೇ ಕೇಳಿ. ಇಡೀ ವಿಮಾನದಲ್ಲಿ ಬೆರಳೆಣಿಕೆಯಷ್ಟೇ ಇರುವುದರಿಂದ ಟಿಕೆಟ್ ಆದ ದಿನವೇ ವಿಮಾನ ಸಂಸ್ಥೆಗೆ ಫೋನ್ ಮಾಡಿ ಮಗುವಿನ ತೂಕ, ಉದ್ದ ಹೇಳಿ ಕಾಯ್ದಿರಿಸಿಕೊಳ್ಳಬೇಕು. ತೂಕದ ಮಿತಿ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಬಗೆ. ಅದು ತೂಗುವುದಿಲ್ಲ, ನಿಜ, ಆದರೆ ಎಂಜಿನ್ನಿನ ಒಂದೇ ಸಮನೆಯ ಮೊರೆತ ಎಷ್ಟೋ ಮಕ್ಕಳಿಗೆ ಲಾಲಿಗಿಂತ ಚೆನ್ನಾಗಿ ಹಿಡಿಸುತ್ತದೆ. ಈಗಿನಿಂದಲೇ ಹಗಲಿನ ಒಂದು ನಿದ್ದೆಯನ್ನು ಜೋಲಿಯ ಬದಲು ಹಾಸಿಗೆಯ ಮೇಲೆ ರೂಢಿ ಮಾಡಿಸಿ ನೋಡಿ.

ತೊಟ್ಟಿಲಿನ ಸಾಲಿನಲ್ಲಿ ಒಂದು ತೊಡಕಿದೆ. ನಿಮ್ಮ ಮುಂದೆ ಸೀಟಿಲ್ಲದ ಕಾರಣ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ. ವಿಮಾನ ಏರುವಾಗ, ಇಳಿಯುವಾಗ ಎಲ್ಲವೂ ತಲೆಯ ಮೇಲಿನ ಕಪಾಟಿನಲ್ಲಿರಬೇಕು. ಆದ್ದರಿಂದ ಎರಡು ಡೈಪರ್, ಒರೆಸುವ ಬಟ್ಟೆ, ಒಂದು ಜೊತೆ ಅಂಗಿ, ಹಾಲಿನ ಬಾಟಲಿ ಇಷ್ಟನ್ನೇ ಒಂದು ಪುಟ್ಟ ಚೀಲಕ್ಕೆ ತುಂಬಿ ದೊಡ್ಡ ಚೀಲದ ಬಾಯಲ್ಲೇ ಇಡಿ. ನಿಮಗೂ ಒಂದು ಕುರ್ತಾ ಇರಲಿ, ಏಕೆಂದರೆ ಮಗು ಕಕ್ಕುವುದು ತನ್ನ ಬಟ್ಟೆಯ ಮೇಲೆ ಮಾತ್ರವಲ್ಲ.

ನೂರು ಮಿಲಿಲೀಟರಿನ ನಿಯಮ ಮಗುವಿನ ಹಾಲಿಗೆ, ನೀರಿಗೆ ಅನ್ವಯಿಸುವುದಿಲ್ಲ. ಪ್ರಯಾಣಕ್ಕೆ ಬೇಕಾದಷ್ಟನ್ನು ಒಯ್ಯಬಹುದು, ತಪಾಸಣೆಯಲ್ಲಿ ಹೊರತೆಗೆದು ತೋರಿಸಿದರಾಯಿತು. ಅಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡ ಚೀಲದಿಂದ ಬಿಚ್ಚಿಸಿ, ಸ್ಟ್ರೋಲರನ್ನು ಮಡಚಿಸಿ ಯಂತ್ರಕ್ಕೆ ಹಾಕಿಸುತ್ತಾರೆ. ಒಂದೇ ಕೈಯಲ್ಲಿ ಮಡಚಲು ಬಾರದ ಸ್ಟ್ರೋಲರ್ ಆಗಿದ್ದರೆ ಅದನ್ನು ಲಗೇಜಿಗೆ ಹಾಕಿಬಿಡುವುದೇ ಮೇಲು.

ಉತ್ತರ 3 (ಇಬ್ಬರು ಮಕ್ಕಳ ತಂದೆ, ಡೆಟ್ರಾಯಿಟ್)

ತೊಟ್ಟಿಲಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೇ ವಿಮಾನ ಅಪಘಾತಕ್ಕೀಡಾದಾಗ, ಸೀಟಿಲ್ಲದ ಪುಟ್ಟ ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳುವಂತೆ ತಂದೆತಾಯಿಗಳಿಗೆ ಹೇಳಲಾಗಿತ್ತು, ಮತ್ತು ಅವರಲ್ಲಿ ಒಂದು ಮಗು ಉಳಿಯಲಿಲ್ಲ. ಆನಂತರ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಪ್ರತಿ ಮಗುವಿಗೂ ಸೀಟು ಕಡ್ಡಾಯವಾಗಬೇಕೆಂದು ಕೇಳುತ್ತಲೇ ಬಂದಿದೆ. ವಿಮಾನಯಾನ ಇಲಾಖೆ ಮಾತ್ರ ಒಪ್ಪಿಲ್ಲ. ಖರ್ಚು ಹೆಚ್ಚಿದರೆ ಸಂಸಾರಗಳು ಕಾರಿನಲ್ಲಿ ಹೊರಡುತ್ತವೆ, ರಸ್ತೆಯಲ್ಲಿ ಸಾಯುವವರೇ ಹೆಚ್ಚು ಎಂಬುದು ಅದರ ವಾದ. ಆದರೆ ತೀರ್ಥಹಳ್ಳಿಯಿಂದ ಫ್ರಾಂಕ್‌ಫರ್ಟ್‌ಗೆ ಕಾರಿನಲ್ಲಿ ಯಾರೂ ಹೋಗುವುದಿಲ್ಲವಲ್ಲ! ಮಡಿಲಲ್ಲಿ ಕೂರುವ ಮಗುವಿಗೆ ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗವನ್ನಷ್ಟೇ ತೆಗೆದುಕೊಳ್ಳುತ್ತಾರೆ, ಸೀಟಿಗೆ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ ಎಂಬುದನ್ನು ಬಲ್ಲೆ. ಆದರೂ ಶಕ್ತಿಯಿದ್ದರೆ ಸೀಟು ಕೊಳ್ಳುವುದೇ ಸರಿಯೆಂದು ನನ್ನ ನಂಬಿಕೆ.

ಉತ್ತರ 4 (ಮಾಜಿ ಗಗನಸಖಿ, ಮಂಗಳೂರು)

ಮೇಲಿನವರು ಹೇಳಿದ್ದು ಸುರಕ್ಷತೆಯ ದೃಷ್ಟಿಯಿಂದ ಸರಿ, ಆದರೆ ಬರೀ ಸೀಟು ಕೊಂಡರೆ ಸಾಲದು. ಐದು ತಿಂಗಳ ಮಗು ಅದರಲ್ಲಿ ಕೂರಲಾರದು. ವಿಮಾನದಲ್ಲಿ ಬಳಸಲು ಅನುಮತಿಯಿರುವ ಕಾರ್ ಸೀಟು ಬೇಕು, ಅದರ ಮೇಲೆ ಹಾಗೆಂದು ಮುದ್ರೆಯಿರಬೇಕು, ಮತ್ತು ಅದನ್ನು ಹೊತ್ತುಕೊಂಡು, ಮಗುವನ್ನೂ ಎತ್ತಿಕೊಂಡು ತಾಯಿ ಒಬ್ಬಳೇ ದೇವನಹಳ್ಳಿಯ ಆ ಉದ್ದನೆಯ ಹಾದಿಯನ್ನು ನಡೆಯಬೇಕು. ಈ ಪ್ರಯಾಣಕ್ಕೆ ನಾನಾಗಿದ್ದರೆ ತೊಟ್ಟಿಲನ್ನೇ ಆರಿಸಿಕೊಳ್ಳುತ್ತಿದ್ದೆ, ಯಜಮಾನರು ಜೊತೆಗಿದ್ದಿದ್ದರೆ ಸೀಟನ್ನು.

ವಿಮಾನ ಏರುವಾಗ, ಇಳಿಯುವಾಗ ತೊಟ್ಟಿಲನ್ನು ಬಳಸುವಂತಿಲ್ಲ. ಆಗ ನಿಮ್ಮ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟನ್ನು ಸಿಬ್ಬಂದಿ ಕೊಡುತ್ತಾರೆ. ಮಗು ನಿಮ್ಮ ಬೆಲ್ಟಿನೊಳಗೆ ಅಲ್ಲ, ಅದರ ಬೆಲ್ಟಿನೊಳಗೇ ಇರಬೇಕು, ಇಲ್ಲವಾದರೆ ಹಠಾತ್ತನೆ ಕುಲುಕಿದಾಗ ನಿಮ್ಮ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಹಾರಾಟದ ನಡುವೆ ಬೆಲ್ಟಿನ ದೀಪ ಹತ್ತಿದರೆ ಮಲಗಿದ ಮಗುವನ್ನೂ ಎತ್ತಿಕೊಳ್ಳಿ. ಮುಜುಗರವಿಲ್ಲದೆ ಸಿಬ್ಬಂದಿಯನ್ನು ಕರೆಯಿರಿ: ನೀವು ಶೌಚಾಲಯಕ್ಕೆ ಹೋಗುವಾಗ ಮಗುವಿನ ಕಡೆ ಒಂದು ಕಣ್ಣಿಡಲು ಕೇಳಿದರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸಿರಪ್ಪಿನ ಮಾತು ಮುಗಿಯಿತು, ತೊಟ್ಟಿಲಿಗೆ ಇಂದೇ ಫೋನ್ ಮಾಡಿದ್ದೇನೆ. ಪುಡಿಹಾಲಿಗೆ ಬಿಸಿನೀರನ್ನು ವಿಮಾನದಲ್ಲೇ ಕೇಳಬಹುದೇ, ಅಥವಾ ಮನೆಯಿಂದ ಒಯ್ಯಬೇಕೇ?

ಉತ್ತರ 2ರವರು

ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ನೀವೇ ಒಯ್ಯಿರಿ, ಪುಡಿಯನ್ನು ಒಂದೊಂದು ಹೊತ್ತಿಗೆ ಅಳೆದು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಟ್ಟುಕೊಳ್ಳಿ, ಮತ್ತು ಕುಡಿಸುವ ಹೊತ್ತಿಗೇ ಕಲಸಿ. ಕೆಳಗೆ ಬಿಗಿಯಾಗಿ ಮುಚ್ಚಿದ ಬಾಟಲಿಯೊಳಗಿನ ಗಾಳಿ ಮೇಲೆ ಹಿಗ್ಗಿ, ನಿಪ್ಪಲಿನಿಂದ ಹಾಲು ಚಿಮ್ಮುವುದುಂಟು. ಬಾಯಿಗಿಡುವ ಮೊದಲು ಬಾಟಲಿಯನ್ನು ನೇರವಾಗಿ ಹಿಡಿದು ಮುಚ್ಚಳವನ್ನು ಒಮ್ಮೆ ಸಡಿಲಿಸಿ, ಮತ್ತೆ ಬಿಗಿ ಮಾಡಿ.