ಸಹಾಯ ಬೇಕು: ಮೂತ್ರ ಹೋಗುತ್ತಿದ್ದರೂ ಕ್ರಿಯಾಟಿನಿನ್ ಏರುತ್ತಿದೆ, ಡಯಾಲಿಸಿಸ್‌ಗೆ ಒಪ್ಪಬೇಕೇ?

ಎಲ್ಲರಿಗೂ ನಮಸ್ಕಾರ. ನಾಟಿಯ ಸಮಯದಲ್ಲಿ ಗದ್ದೆಗಿಳಿದಿದ್ದ ನಮ್ಮ ಮಾವನವರಿಗೆ (68 ವರ್ಷ, ಬಿಪಿ ಇದೆ, ಸಕ್ಕರೆ ಕಾಯಿಲೆಯಿಲ್ಲ) ಜ್ವರ ಮತ್ತು ಮೀನಖಂಡದ ವಿಪರೀತ ನೋವು ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಇಲಿಜ್ವರವೆಂದು ಖಚಿತವಾದದ್ದರಿಂದ ಆಸ್ಪತ್ರೆಗೆ ಸೇರಿಸಿದ್ದೇವೆ. ಸೇರಿಸುವಾಗ 1.1 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಲುತ್ತಿದ್ದಂತೆ ರಕ್ತದಲ್ಲಿ ಏರುವ ತ್ಯಾಜ್ಯ) ಮೊದಲು 2.6ಕ್ಕೆ, ಈಗ 4.3ಕ್ಕೆ ಏರಿದೆ. 48 ಗಂಟೆಯೊಳಗೆ 0.3ರಷ್ಟು ಹೆಚ್ಚಿದರೂ ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದಿದೆ ಎಂದೇ ಪರಿಗಣಿಸುತ್ತಾರಂತೆ; ಆ ಲೆಕ್ಕದಲ್ಲಿ ಇದು ಬಹಳ ಮುಂದೆ ಹೋಗಿದೆ.

ಪೆನಿಸಿಲಿನ್ ಮತ್ತು ಡ್ರಿಪ್ ನಡೆಯುತ್ತಿವೆ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಹಾಗೂ ನೋವಿನ ಮಾತ್ರೆಗಳನ್ನು ನಿಲ್ಲಿಸಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲಾಗಲಿ ಅಡ್ಡಿಯಾಗಲಿ ಕಂಡಿಲ್ಲ.

ಗೊಂದಲ ಇರುವುದು ಇಲ್ಲಿ. ನರ್ಸ್ ಮೂತ್ರದ ಚೀಲದಿಂದ ಅಳತೆಯ ಜಾರ್‌ಗೆ ಸುರಿದು ಚಾರ್ಟಿನಲ್ಲಿ ಬರೆಯುವ ಲೆಕ್ಕದ ಪ್ರಕಾರ 24 ಗಂಟೆಗೆ ಸುಮಾರು 1,800 ಮಿ.ಲೀ. ಮೂತ್ರ ಹೋಗುತ್ತಿದೆ, ಪೊಟ್ಯಾಶಿಯಂ ಏರುವ ಬದಲು 3.3ಕ್ಕೆ ಇಳಿದಿದೆ, ಉಸಿರಾಟ ಸರಾಗವಾಗಿದೆ, ಮಾತು ಸ್ಪಷ್ಟವಾಗಿದೆ. ಇಲಿಜ್ವರದಲ್ಲಿ ಮೂತ್ರ ನಿಲ್ಲದೆಯೇ, ಪೊಟ್ಯಾಶಿಯಂ ಕಡಿಮೆಯಾಗಿಯೇ ಕಿಡ್ನಿ ಸೋಲುವುದುಂಟು, ಕಾಯೋಣ ಎಂದು ಒಬ್ಬ ವೈದ್ಯರು ಹೇಳಿದರೆ, ಇನ್ನೊಬ್ಬರು ಡಯಾಲಿಸಿಸ್‌ನ ಒಪ್ಪಿಗೆ ಪತ್ರವನ್ನು ಮುಂದಿಟ್ಟಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಲು ಪ್ರಯತ್ನಿಸಿದೆವು, ಅವರ ಸಮಯ ಹೊಂದಲಿಲ್ಲ. ಅತ್ತೆಯವರಿಗಂತೂ ಒಮ್ಮೆ ಹಿಡಿದ ಡಯಾಲಿಸಿಸ್ ಜೀವನಪೂರ್ತಿ ಬಿಡುವುದಿಲ್ಲವೆಂಬ ಭಯ.

ಗುಂಪಿನಲ್ಲಿರುವ ವೈದ್ಯರನ್ನು ಮತ್ತು ಇಲಿಜ್ವರದಿಂದ ಹೀಗಾದವರನ್ನು ನೋಡಿಕೊಂಡವರನ್ನು ಕೇಳುತ್ತಿದ್ದೇನೆ: ಮೂತ್ರ ಚೆನ್ನಾಗಿ ಹೋಗುತ್ತಿರುವಾಗ ಕ್ರಿಯಾಟಿನಿನ್ ಸಂಖ್ಯೆಯೊಂದನ್ನೇ ನೋಡಿ ಡಯಾಲಿಸಿಸ್ ಆರಂಭಿಸುತ್ತಾರೆಯೇ, ಅಥವಾ ಬೇರೆ ಯಾವ ವರದಿ, ಯಾವ ಲಕ್ಷಣ ನೋಡಿ ನಿರ್ಧರಿಸುತ್ತಾರೆ? ನಾಳೆಯ ರೌಂಡ್ಸ್‌ನಲ್ಲಿ ನಾವು ಏನನ್ನು ಕೇಳಬೇಕು?