ಮಣಿ ಕಸೂತಿ ಪೆಂಡೆಂಟ್ ಮಳೆಗಾಲದಲ್ಲಿ ಬಟ್ಟಲಾಗ್ತಿದೆ, ಬಿಲ್ಲೆಯೂ ಅಲ್ಲಾಡ್ತಿದೆ. ತಪ್ಪು ಎಲ್ಲಿ?

ಶರಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ಹಸೆ ಚಿತ್ತಾರದ (ನಮ್ಮ ಮಲೆನಾಡಿನ ಗೋಡೆ ಚಿತ್ತಾರ) ಗೆರೆಗಳನ್ನಿಟ್ಟು ಮಣಿ ಕಸೂತಿಯ ಪೆಂಡೆಂಟ್ ಮಾಡ್ತಿದೀನಿ. 5 ಸೆಂ.ಮೀ. ದುಂಡು, ನಡುವೆ 25 ಮಿ.ಮೀ. ಕರಟದ ಬಿಲ್ಲೆ, ಸುತ್ತ ಕೆಮ್ಮಣ್ಣಿನ ಬಣ್ಣದ ನೆಲ, ಅದರ ಮೇಲೆ ಬಿಳಿ ಗೆರೆ. ತಳಕ್ಕೆ ಟೈಲರ್ ಬಕ್ರಂ ಎರಡು ಪದರ. ಬಿಲ್ಲೆ ಕೂರಿಸಿದ್ದು ಮರಗೆಲಸದ ಬಿಳಿ ಅಂಟಿನಲ್ಲಿ. ಮಣಿ ಆರಿ ವರ್ಕ್ ಸಾಮಾನಿನ ಅಂಗಡಿಯ ಸಕ್ಕರೆ ಮಣಿ, ದಾರ ಮಷೀನಿನ ಪಾಲಿಯೆಸ್ಟರ್.

ಬೇಸಿಗೆಯಲ್ಲಿ ಮಾಡಿದ್ದು ಚಪ್ಪಟೆಯಾಗೇ ಇತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಅಂಚು ಮೇಲೆದ್ದು ಬಟ್ಟಲಾಗಿದೆ. ಬಿಲ್ಲೆ ಸಡಿಲ, ಹಿಂದೆ ಚುಕ್ಕೆ ಚುಕ್ಕೆ ಬೂಸ್ಟು. ಬಿಳಿ ಗೆರೆ ನೆಟ್ಟಗೆ ನಿಲ್ಲಲ್ಲ, ತ್ರಿಕೋನದ ಮೂಲೆಗಳೆಲ್ಲ ಮೊಂಡು. ಕೆಂಪು ಬೇರೆ ಬೆವರಿಗೆ ಕುತ್ತಿಗೆಗೆ ಹತ್ತುತ್ತೆ. ಭೂಮಿ ಹುಣ್ಣಿಮೆಗೆ ಕೊಡಬೇಕಾದ ಆರ್ಡರ್ ಇದೆ. ಮಳೆ ಮುಗಿಯೋ ತನಕ ಕೆಲಸ ನಿಲ್ಲಿಸೋದೇ ಒಳ್ಳೇದಾ? ಆರಿ ಸೂಜಿಯಲ್ಲಿ (ಕೊಕ್ಕೆ ಮೊನೆಯದ್ದು) ಹಾಕಿದರೆ ಬೇಗ ಆಗುತ್ತೆ ಅಂತಾರೆ, ಅದು ಸರಿಯಾ?

ಸೂಜಿಮೊನೆ:
ನಿಲ್ಲಿಸೋದು ಬೇಡ, ತಳ ಬದಲಿಸಿ. ನೀವು ಹೇಳಿದ ಅರ್ಧ ತೊಂದರೆ ಬಕ್ರಮಿನದ್ದೇ. ಮಾಮೂಲಿ ಬಕ್ರಂ ಅಂದರೆ ಗಂಜಿ ಅಥವಾ ಅಂಟು ಕುಡಿಸಿ ಬಿರುಸು ಮಾಡಿದ ಹತ್ತಿ ಬಟ್ಟೆ. ಗಾಳಿಯ ತೇವಕ್ಕೇ ಆ ಬಿರುಸು ಇಳಿಯುತ್ತೆ. ಬೇಸಿಗೆಯಲ್ಲಿ ತಡೆದುಕೊಂಡಿದ್ದ ದಾರದ ಬಿಗಿತ ಆಗ ತಳವನ್ನ ಎಳೆದು ಬಗ್ಗಿಸುತ್ತೆ. ಬೂಸ್ಟಿಗೂ ಆ ಗಂಜಿಯೇ ಊಟ.

ಗಟ್ಟಿ ಪಾಲಿಯೆಸ್ಟರ್ ಫೆಲ್ಟ್ ತಗೊಳ್ಳಿ, 1.5ರಿಂದ 2 ಮಿ.ಮೀ. ದಪ್ಪದ್ದು. ಉಣ್ಣೆಯದ್ದು ಬೇಡ, ನೀರು ಹಿಡಿಯುತ್ತೆ. ಸಿಗದಿದ್ದರೆ ಬ್ಯಾಗ್ ಹೊಲಿಯುವವರು ಬಳಸುವ ನಾನ್‌ವೋವನ್ ಕ್ಯಾನ್ವಾಸಿನ ದಪ್ಪದ್ದು ಆಗುತ್ತೆ. ಇಸ್ತ್ರಿ ಹಾಕಿದರೆ ಅಂಟುವ ಜಾತಿ ಮಾತ್ರ ಬೇಡ, ಸೂಜಿಗೆಲ್ಲ ಗೋಂದು ಮೆತ್ತುತ್ತೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ತುಂಡಿನ ಮೇಲೆ ಎರಡು ಹನಿ ನೀರು ಬಿಟ್ಟು ಹತ್ತು ನಿಮಿಷದ ಮೇಲೆ ಬಗ್ಗಿಸಿ ನೋಡಿ, ಮೆತ್ತಗಾಗಿದ್ದರೆ ಬಿಡಿ. ಕೆಂಪು ನೆಲಕ್ಕೆ ಕೆಂಪು ಫೆಲ್ಟೇ ಇರಲಿ. ಬಿಳಿ ತಳ ಮಣಿಗಳ ಸಂದಿಯಲ್ಲಿ ಇಣುಕಿದರೆ ನೆಲವೆಲ್ಲ ಮಾಸಿದ ಹಾಗೆ ಕಾಣುತ್ತೆ.

ಬಟ್ಟಲಾಗೋದರಲ್ಲಿ ಕೈಯ ಪಾಲೂ ಇದೆ. ಹೊರಸುತ್ತಿನ ದಾರ ಬಿಗಿ ಎಳೆದರೆ ಆ ಸುತ್ತಿನ ಅಳತೆ ಕಿರಿದಾಗಿ ಅಂಚು ಎದ್ದು ಬಟ್ಟಲಾಗುತ್ತೆ. ಜಾಗಕ್ಕಿಂತ ಹೆಚ್ಚು ಮಣಿ ತುರುಕಿದರೆ ಅಂಚು ಅಲೆ ಅಲೆಯಾಗುತ್ತೆ. ನಿಮ್ಮದು ಮೊದಲನೆಯದು. ಮಣಿ ತಳಕ್ಕೆ ಕೂತಿತು ಅನ್ನಿಸಿದಲ್ಲಿ ಕೈ ನಿಲ್ಲಿಸಿ, ಅದಕ್ಕಿಂತ ಮುಂದೆ ಎಳೆಯಬೇಡಿ.

ಹೊಲಿಗೆ ಹಿನ್ನಡೆ ಹೊಲಿಗೆಯೇ: ನಾಲ್ಕು ಮಣಿ ಏರಿಸಿ, ಸಾಲಿನ ಮೇಲೆ ಮಲಗಿಸಿ, ನಾಲ್ಕನೆಯ ಮಣಿಯ ಬಾಯಿಯ ಪಕ್ಕದಲ್ಲೇ ಸೂಜಿ ನೆಟ್ಟಗೆ ಕೆಳಗಿಳಿಸಿ. ಆಮೇಲೆ ಎರಡನೇ ಮತ್ತು ಮೂರನೇ ಮಣಿಯ ನಡುವೆ ಮೇಲೆ ಬಂದು, ಮೂರು ಮತ್ತು ನಾಲ್ಕನೆಯದರೊಳಗೆ ಇನ್ನೊಮ್ಮೆ ಹಾಯಿಸಿ, ಮುಂದಿನ ನಾಲ್ಕು. ಇಳಿಸುವ ಜಾಗವೇ ಇಲ್ಲಿ ಮುಖ್ಯ. ಅರ್ಧ ಮಣಿಯಷ್ಟು ಹಿಂದೆ ಇಳಿಸಿದರೆ ನಡುವಿನ ಮಣಿಗಳು ಗೂನು ಬೆನ್ನಾಗಿ ಏಳುತ್ತವೆ, ಮುಂದೆ ಇಳಿಸಿದರೆ ದಾರ ಕಾಣುತ್ತೆ. ಸೂಜಿ ಓರೆಯಾದರೆ ಮೇಲೆ ಸರಿ ಕಂಡರೂ ಹಿಂದೆ ದಾರಿ ತಪ್ಪಿರುತ್ತೆ. ಬಿಲ್ಲೆಯ ಹತ್ತಿರದ ಸಣ್ಣ ಸುತ್ತುಗಳಲ್ಲಿ ನಾಲ್ಕರ ಬದಲು ಎರಡೆರಡೇ ಏರಿಸಿ. ಸುತ್ತು ಮುಗಿದ ಮೇಲೆ ಅದೇ ಸುತ್ತಿನ ಎಲ್ಲ ಮಣಿಗಳೊಳಗೆ ಖಾಲಿ ಸೂಜಿ ಒಮ್ಮೆ ಹಾಯಿಸಿದರೆ ಸಾಲು ತಾನಾಗಿ ನೆಟ್ಟಗಾಗುತ್ತೆ. ಬಹಳ ಜನ ಇದೊಂದನ್ನ ಬಿಡ್ತಾರೆ.

ಮಷೀನ್ ದಾರ ಸಣ್ಣ ಎಳೆಗಳನ್ನ ಹೊಸೆದದ್ದು, ಗಾಜಿನ ಮಣಿಯ ಬಾಯಿಗೆ ಉಜ್ಜಿ ಜುಂಗು ಜುಂಗಾಗುತ್ತೆ. ಮಣಿ ಕೆಲಸದ ನೈಲಾನ್ ದಾರಕ್ಕೆ ಜೇನುಮೇಣ ಸವರಿ ಬಳಸಿ. ಇಲ್ಲವಾದರೆ ಹೆಣೆದ ಮೀನಿನ ದಾರ, 0.15 ಮಿ.ಮೀ. ಒಂಟಿ ಎಳೆಯ ತಂಗೂಸಿ ಬೇಡ, ಅದಕ್ಕೆ ಸ್ಪ್ರಿಂಗ್ ಗುಣ, ಗಂಟು ನಿಲ್ಲಲ್ಲ. ಒಮ್ಮೆಗೆ ಒಂದು ಮೀಟರಿಗಿಂತ ಉದ್ದ ಬೇಡ. ಸೂಜಿ 10ನೇ ನಂಬರು, 15/0 ಮಣಿಗೆ ಮಾತ್ರ 12. (11/0, 15/0 ಅಂದರೆ ಮಣಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು.)

ಮಣಿ 11/0 ಅಳತೆಯದ್ದಾದರೆ ಒಂದು ಗ್ರಾಮಿಗೆ ಸುಮಾರು 110 ಬರುತ್ತೆ. ಒಂದು ಚದರ ಸೆಂಟಿಮೀಟರ್ ತುಂಬಲು ಸುಮಾರು 34 ಬೇಕು. ನಿಮ್ಮ ಪೆಂಡೆಂಟಿಗೆ ಬಿಲ್ಲೆ ಬಿಟ್ಟು 470ರ ಹತ್ತಿರ, ಬಿಲ್ಲೆಯ ಗೂಡಿಗೂ (ಬಿಲ್ಲೆ ಹಿಡಿದಿಡಲು ಸುತ್ತ ಕಟ್ಟುವ ಮಣಿ ಸುತ್ತುಗಳು) ಅಂಚಿಗೂ ಇನ್ನೊಂದು 130ರಿಂದ 140. ಒಟ್ಟು ಐದೂವರೆ ಗ್ರಾಂ. ಆದರೆ ಸಕ್ಕರೆ ಮಣಿ ಪ್ಯಾಕೆಟಿನಲ್ಲಿ ದಪ್ಪ, ತೆಳು, ಅಡ್ಡಬಾಯಿ ಎಲ್ಲ ಸೇರಿರುತ್ತೆ, ಆರಿಸಿ ಬಿಸಾಕಲು ಅಂತಲೇ ಎರಡು ಪಟ್ಟು ತಗೊಳ್ಳಿ. ಇಪ್ಪತ್ತು ಮಣಿ ಸೂಜಿಗೆ ಏರಿಸಿ ಸ್ಕೇಲ್ ಹಿಡಿಯಿರಿ, 28 ಮಿ.ಮೀ. ಆಸುಪಾಸು ಬರಬೇಕು. ಕೈಗೆ ಬಂದ ಹಾಗೆ ಮೂರು ಸಲ ಏರಿಸಿದಾಗ ಮೂರು ಅಳತೆ ಬಂದರೆ ಆ ಪ್ಯಾಕೆಟಿನಲ್ಲಿ ಗೆರೆ ನೆಟ್ಟಗೆ ಬರೋದು ಕಷ್ಟ, ನೆಲ ತುಂಬಲು ಇಟ್ಟುಕೊಳ್ಳಿ.

ಕಾನುಮನೆ:
ಬಿಲ್ಲೆಯ ವಿಷಯ ನಾನು ಹೇಳ್ತೀನಿ. ಬಿಳಿ ಅಂಟು ನೀರಿನದ್ದು, ತೇವಕ್ಕೆ ಮತ್ತೆ ಮೆತ್ತಗಾಗುತ್ತೆ. ಕ್ಷಣದಲ್ಲಿ ಹಿಡಿಯುವ ಅಂಟನ್ನೂ ಹಾಕಬೇಡಿ. ಅದು ಗಾಜಿನಷ್ಟು ಪೆಡಸು, ತಳ ಸ್ವಲ್ಪ ಬಗ್ಗಿದರೆ ಬಿಟ್ಟುಕೊಳ್ಳುತ್ತೆ. ಸುತ್ತ ಬೆಳ್ಳಗೆ ಬೂದಿ ಹಿಡಿದ ಹಾಗೆ ಆಗೋದೂ ಅದರಿಂದಲೇ, ತೇವದ ಗಾಳಿಯಲ್ಲಿ ಇನ್ನೂ ಜಾಸ್ತಿ. ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗುವ ಅಂಟು ಬೇಕು: ಇ-6000 ಅಥವಾ ಬಿ-7000. ಕಿಟಕಿ ತೆಗೆದಿಟ್ಟೇ ಹಚ್ಚಿ. ಬಿಲ್ಲೆಯ ನಡುವೆ ಮಾತ್ರ, ಅಂಚಿನಿಂದ 2 ಮಿ.ಮೀ. ಒಳಗೆ. ಅಂಚಿಗೆ ಬಂದ ಅಂಟಿನೊಳಗೆ ಸೂಜಿ ಹೋಗಲ್ಲ, ಬಲವಂತ ಮಾಡಿದರೆ ಮುರಿಯುತ್ತೆ. ಮಳೆಗಾಲದಲ್ಲಿ ಒಂದು ದಿನಕ್ಕೆ ಆಯ್ತು ಅಂತ ಶುರು ಮಾಡಬೇಡಿ, ಮೂರು ದಿನ ಬಿಡಿ.

ಕರಟದ ಬಿಲ್ಲೆಗೆ ಇನ್ನೊಂದು ತಾಪತ್ರಯ ಇದೆ. ಅದರ ಬೆನ್ನು ಒಳಗೆ ತಗ್ಗು, ಅಂಚು ಮಾತ್ರ ತಳಕ್ಕೆ ತಾಗೋದು. ಬೆನ್ನನ್ನ ಉಪ್ಪುಕಾಗದದ ಮೇಲೆ ತಿಕ್ಕಿ ಅಂಚು ಅಗಲ ಮಾಡಿ, ನಡುವಿನ ತಗ್ಗಿಗೆ ಒಂದು ತುಂಡು ಫೆಲ್ಟ್ ಇಟ್ಟು ಅಂಟಿಸಿ. ಒಳಗಿನ ನಾರು, ಎಣ್ಣೆಯಂಶ ಪೂರ್ತಿ ಹೋಗಿರಬೇಕು, ಇಲ್ಲದಿದ್ದರೆ ಯಾವ ಅಂಟೂ ಹಿಡಿಯಲ್ಲ.

ಆದರೆ ಬಿಲ್ಲೆಯನ್ನ ಹಿಡಿದಿಡಬೇಕಾದ್ದು ಅಂಟಲ್ಲ, ಮಣಿಯ ಗೂಡು. ಬಿಲ್ಲೆಗೆ ತಾಗಿಕೊಂಡ ಹಾಗೆ 11/0ರಲ್ಲಿ ಒಂದು ಸುತ್ತು ಹಿನ್ನಡೆ ಹೊಲಿಗೆ ಹಾಕಿ. 25 ಮಿ.ಮೀ.ಗೆ ಸುಮಾರು 60 ಮಣಿ ಕೂರುತ್ತೆ. 58 ಆಗಲಿ 62 ಆಗಲಿ, ಸಮಸಂಖ್ಯೆ ಆಗಿರಲೇಬೇಕು, ಬೆಸ ಬಂದರೆ ಸುತ್ತು ಕೂಡಲ್ಲ. ಆಮೇಲೆ ತಳ ಮುಟ್ಟದೆ ಮಣಿಯಿಂದ ಮಣಿಗೆ: ಒಂದು ಮಣಿಯೊಳಗೆ ಹಾಯಿಸಿ, ಹೊಸದೊಂದು ಏರಿಸಿ, ಪಕ್ಕದ್ದು ಬಿಟ್ಟು ಅದರಾಚೆಯದ್ದಕ್ಕೆ ಹೋಗಿ. ಸುತ್ತಿಗೆ 30 ಮಣಿ. ಸುತ್ತು ಮುಗಿದಾಗ ಆ ಸುತ್ತಿನ ಮೊದಲ ಹೊಸ ಮಣಿಯೊಳಗೂ ಸೂಜಿ ಹಾಯಿಸಿ ಮೇಲೇರಬೇಕು, ಮರೆತರೆ ಮುಂದಿನ ಸುತ್ತಿಗೆ ಲೆಕ್ಕ ತಪ್ಪುತ್ತೆ. 5 ಮಿ.ಮೀ. ಎತ್ತರದ ಬಿಲ್ಲೆಗೆ 11/0ರಲ್ಲಿ ಎರಡು ಸುತ್ತು, ಮೇಲೆ 15/0ರಲ್ಲಿ ಎರಡು. ಬಾಯಿ ಕಟ್ಟೋದು ಈ ಸಣ್ಣ ಮಣಿಯೇ. ಕೊನೆಯ ಎರಡು ಸುತ್ತು ಮಾತ್ರ ಗಟ್ಟಿ ಎಳೆಯಿರಿ. ಇಷ್ಟಾದರೆ ಅಂಟು ಬಿಟ್ಟರೂ ಬಿಲ್ಲೆ ಬೀಳಲ್ಲ.

ಶರಾವತಿ_ದಂಡೆ:
ತುಂಬ ಉಪಕಾರ ಆಯ್ತು. ಬಿಳಿ ಗೆರೆ, ಮೂಲೆಗಳ ಬಗ್ಗೆ? ಮತ್ತೆ ಗುಲಗಂಜಿ ಕೂರಿಸಬೇಕು ಅಂತಿದೆ, ತೂತು ಕೊರೆಯೋಕೆ ಆಗುತ್ತಾ?

ಕೆಮ್ಮಣ್ಣು_ಗೋಡೆ:
ಗುಲಗಂಜಿ ಕೊರೆಯಲೇಬೇಡಿ ಮಾರಾಯ್ರೆ. ಒಳಗಿನ ತಿರುಳು ಕಡು ವಿಷ, ಕೊರೆದಾಗ ಏಳುವ ಪುಡಿಯೂ ಅಷ್ಟೇ. ಮಕ್ಕಳು ಬಾಯಿಗೆ ಹಾಕುವ ಸಾಮಾನು ಬೇರೆ. ಕೆಂಪು ಕಪ್ಪು ಗಾಜಿನ ಮಣಿಯಲ್ಲೇ ಆ ಛಾಯೆ ತರಬಹುದು.

ಗೆರೆಗೆ ಬರ್ತೀನಿ. ಮಗ್ಗದಲ್ಲಿ ನೇಯುವ ಮಣಿ ಪಟ್ಟಿಯಲ್ಲಿ ಓರೆಗೆರೆ ಮೆಟ್ಟಿಲು ಮೆಟ್ಟಿಲಾಗುತ್ತೆ. ಕಸೂತಿಗೆ ಆ ಚೌಕಟ್ಟಿಲ್ಲ, ಯಾವ ಓರೆಗೂ ಗೆರೆ ನೆಟ್ಟಗೆ ಹೋಗುತ್ತೆ, ಚಿತ್ತಾರಕ್ಕೆ ಹೇಳಿಸಿದ್ದು. ಆದರೆ ಮಣಿಯ ಒಂದು ಸಾಲು ಅಂದರೆ 2 ಮಿ.ಮೀ. ದಪ್ಪ. ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಒತ್ತೊತ್ತಾಗಿ ಎಳೆಯುವ ಗೆರೆಗಳನ್ನ ಹಾಗೇ ಇಲ್ಲಿ ತಂದರೆ ಬರೀ ಬಿಳಿ ಪಟ್ಟಿ ಆಗುತ್ತೆ. ನಿಮ್ಮ ಬಿಲ್ಲೆಯಿಂದ ಅಂಚಿಗೆ ಇರೋದು 12 ಮಿ.ಮೀ. ಚಿಲ್ಲರೆ, ಅಂದರೆ ಆರೇ ಸಾಲು. ಗೂಡಿನ ಸುತ್ತು ಕಳೆದರೆ ಐದು. ಆಚೆ ಈಚೆ ಎರಡು ಬಿಳಿ ಸುತ್ತು, ನಡುವೆ ಮೂರು ಸಾಲು ಎತ್ತರದ ತ್ರಿಕೋನ, ಇದಕ್ಕಿಂತ ಹೆಚ್ಚು ಹಿಡಿಸಲ್ಲ. ಇನ್ನೂ ಬೇಕು ಅಂದರೆ ಗೆರೆಗಳನ್ನ 15/0ರಲ್ಲಿ ಹಾಕಿ, ಸಾಲು ಒಂದೂವರೆ ಮಿ.ಮೀ.ಗೆ ಇಳಿಯುತ್ತೆ. ನೆಲ 11/0ರಲ್ಲೇ ಇರಲಿ, ಬಿಳಿ ಸ್ವಲ್ಪ ತಗ್ಗಿನಲ್ಲಿ ಕೂತು ಕೊರೆದ ಹಾಗೆ ಕಾಣುತ್ತೆ. ನನ್ನ ಕಣ್ಣಿಗೆ ಅದೇ ಚೆಂದ.

ಮೂಲೆ ಮೊಂಡಾಗೋದು ದಾರ ಮೂಲೆಯಲ್ಲಿ ತಿರುಗಿ ಮುಂದೆ ಹೋದಾಗ. ಮೂಲೆಯ ಕೊನೆಯ ಮಣಿ ಆದ ಕೂಡಲೇ ಸೂಜಿ ಕೆಳಗಿಳಿಸಿ ಆ ಗೆರೆ ಮುಗಿಸಿಬಿಡಿ. ಹಿಂದೆ ಒಂದು ಸಣ್ಣ ಹೊಲಿಗೆ ಹಾಕಿ ಹೊಸ ಗೆರೆ ಹೊಸದಾಗೇ ಶುರು ಮಾಡಿ. ಎರಡು ಗೆರೆ ದಾಟುವಲ್ಲಿ ಒಂದು ಅಖಂಡ, ಇನ್ನೊಂದು ಅದರ ಎರಡೂ ಪಕ್ಕ ತುಂಡಾಗಿ ಬರಬೇಕು. ಮೇಲೆ ಹತ್ತಿಸಲು ಹೋಗಬೇಡಿ. ಬಿಳಿಯೆಲ್ಲ ಮೊದಲು, ಕೆಂಪು ಆಮೇಲೆ. ಕೆಂಪು ತುಂಬುವಾಗ ಚೂಪು ಮೂಲೆಯಲ್ಲಿ ಇಡೀ ಮಣಿ ಹಿಡಿಸದಿದ್ದರೆ ಆರಿಸಿ ಬಿಸಾಕಿದ ತೆಳು ಮಣಿಗಳು ಅಲ್ಲಿಗೆ ಬರುತ್ತವೆ.

ಬಣ್ಣ: ಮುತ್ತಿನ ಹೊಳಪಿನ ಬಿಳಿ ಬೇಡ, ಸುಣ್ಣದ ಬಿಳಿ ತಗೊಳ್ಳಿ. ಅಕ್ಕಿಹಿಟ್ಟಿನ ಗೆರೆಗೆ ಅದೇ ಹತ್ತಿರ. ಕೆಂಪಿಗೆ ಹೊಳಪಿಲ್ಲದ ಇಟ್ಟಿಗೆ ಕೆಂಪು. ಬಣ್ಣ ಹತ್ತುತ್ತಿರೋದು ಅಂದರೆ ಮಣಿಗೆ ಮೇಲೆ ಬಣ್ಣ ಬಳಿದಿದಾರೆ, ಗಾಜೇ ಕೆಂಪಲ್ಲ. ಹತ್ತಿಯಲ್ಲಿ ನೇಲ್ ಪಾಲಿಶ್ ರಿಮೂವರ್ ಅದ್ದಿ ಹತ್ತು ಮಣಿ ಉಜ್ಜಿ. ಹತ್ತಿ ಗುಲಾಬಿಯಾದರೆ ಆ ಪ್ಯಾಕೆಟ್ ಆಭರಣಕ್ಕಲ್ಲ. ಮಣಿಯೇ ಅಂಟಂಟಾದರೆ ಅದು ಪ್ಲಾಸ್ಟಿಕ್.

ಅಡ್ಡಪಟ್ಟಿ:
ಆರಿ ಬಗ್ಗೆ ಯಾರೂ ಹೇಳಲಿಲ್ಲ. ಈ ಕೆಲಸಕ್ಕೆ ಬೇಡ. ಆರಿ ಅಂದರೆ ಸರಪಳಿ ಹೊಲಿಗೆ, ಒಂದು ತುದಿ ಬಿಟ್ಟರೆ ಸಾಲೇ ಬಿಚ್ಚಿಕೊಂಡು ಬರುತ್ತೆ. ಬ್ಲೌಸಿನಲ್ಲಿ ಕೆಲಸದ ಸುತ್ತ ಬಟ್ಟೆ ಇರುತ್ತೆ, ಇಲ್ಲಿ ಮಣಿಯಿಂದ ಒಂದೇ ಮಿಲಿಮೀಟರ್ ಬಿಟ್ಟು ಕತ್ತರಿ ಆಡಿಸಬೇಕು. ಮೇಲಾಗಿ ಫ್ರೇಮಿಗೆ ಬಿಗಿದು ಹಾಕಿದ ಬಟ್ಟೆ ಬಿಚ್ಚಿದ ಕೂಡಲೇ ಕುಗ್ಗುತ್ತೆ, ಮತ್ತೆ ಅದೇ ಬಟ್ಟಲು.

ಸೂಜಿಮೊನೆ:
ಒಪ್ಪಿದೆ. ಸೀರೆ ಪಿನ್ನಿನ ಹಾಗೆ ಬಟ್ಟೆ ಅಂಚು ಒಳಗೆ ಮಡಚಿ ಮುಚ್ಚುವ ಸಾಮಾನಿಗೆ ಆರಿ ನಡೆಯುತ್ತೆ, ಪ್ರತಿ ಸಾಲಿನ ತುದಿಗೂ ಗಂಟು ಇದ್ದರೆ.

ಮುಗಿಸೋದು ಹೀಗೆ. ಹಿಂದಿನಿಂದ ಹೊಲಿಗೆ ನೋಡಿಕೊಂಡು 1 ಮಿ.ಮೀ. ಬಿಟ್ಟು ಕತ್ತರಿಸಿ. ಪ್ಲಾಸ್ಟಿಕ್ ಫೈಲ್ ಕವರಿನಿಂದ 3 ಮಿ.ಮೀ. ಒಳಗಿರುವಷ್ಟು ದುಂಡು ಕತ್ತರಿಸಿ ಬೆನ್ನಿಗೆ ಅಂಟಿಸಿ, ಚಪ್ಪಟೆ ಉಳಿಸೋದು ಇದು. ರಟ್ಟು ಬೇಡ, ತೇವ ಕುಡಿಯುತ್ತೆ. ಅದರ ಮೇಲೆ ಸ್ವೇಡ್ ರೆಕ್ಸಿನ್. ಚರ್ಮಕ್ಕೆ ನಮ್ಮ ಕಡೆ ಮಳೆಯಲ್ಲಿ ಬೂಸ್ಟು ತಪ್ಪಿದ್ದಲ್ಲ. ಅಂಚಿಗೆ ಒಂದೊಂದೇ ಮಣಿ ಏರಿಸಿ, ಎರಡೂ ಪದರ ಹಿಡಿದು ಹಿಂದಿನಿಂದ ಮುಂದಕ್ಕೆ ಚುಚ್ಚಿ, ಅದೇ ಮಣಿಯೊಳಗೆ ವಾಪಸ್ ಮೇಲೆ ಬನ್ನಿ. ಚುಚ್ಚು ಚುಚ್ಚಿನ ನಡುವೆ ಒಂದು ಮಣಿಯ ಅಗಲ. ಸುತ್ತ 75ರ ಹತ್ತಿರ ಬರುತ್ತೆ. ಶುರುವಿಗೆ ಮಾತ್ರ ಎರಡು ಮಣಿ ಏರಿಸಬೇಕು, ಇಲ್ಲದಿದ್ದರೆ ಮೊದಲನೆಯದು ಓರೆಯಾಗಿ ನಿಲ್ಲುತ್ತೆ.

ಕಾನುಮನೆ:
ಕೊಂಡಿಯ ಬಗ್ಗೆ ಒಂದು ಮಾತು. ಬಾಯಿ ಇರುವ ರಿಂಗಿಗೆ ನೇರ ದಾರದ ಕುಣಿಕೆ ಹಾಕಬೇಡಿ. ಆ ಸೀಳಿನಲ್ಲಿ ದಾರ ಜಾರಿಯೇ ಜಾರುತ್ತೆ, ಇಲ್ಲ ಕುಯ್ಯುತ್ತೆ. ಬೆಸೆದ ರಿಂಗ್ ಹೊಲಿದು, ಬಾಯಿ ರಿಂಗನ್ನ ಅದಕ್ಕೆ ಸಿಕ್ಕಿಸಿ. ಹಿತ್ತಾಳೆಯದ್ದು ಕಿಲುಬು ಹಿಡಿದು ಬಿಳಿ ಮಣಿಯ ಪಕ್ಕ ಹಸಿರಾಗುತ್ತೆ, ಸ್ಟೀಲಿನದ್ದೇ ತಗೊಳ್ಳಿ. ಆದ ಪೆಂಡೆಂಟನ್ನ ಕೂಡಲೇ ಜಿಪ್ ಕವರಿಗೆ ಹಾಕಬೇಡಿ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ರಾತ್ರಿ ಇಟ್ಟು ಆಮೇಲೆ ಕವರು. ಬಚ್ಚಲೊಲೆಯ ಮೇಲೆ ಒಣಗಿಸೋದು ಬೇಡ, ಹೊಗೆಗೆ ಬಿಳಿ ಗೆರೆ ಹಳದಿಯಾಗುತ್ತೆ.