‘ಶಟರ್ ತೆಗೆ’, ‘ಲೇಸರ್ ತೆಗೆ’: ಸ್ವಿಚ್ ಬಾಕ್ಸ್ ಮೇಲೆ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ,

ಲೇಸರ್ ಶೋ ನಡೆಸುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚೀಟಿ ಬರೆಯುತ್ತಿದ್ದೇನೆ. ಸ್ವಿಚ್ ಬಾಕ್ಸ್ ಮೇಲೆ ಅಂಟಿಸುವಂಥದ್ದು, ನಾಲ್ಕೈದು ಸಾಲು ಅಷ್ಟೇ. ಬಾಕ್ಸಿಗೆ ಏನು ಹೆಸರು, ‘ತೆಗೆ’ ಅನ್ನಬಹುದಾ ಬೇಡವಾ, ಇವೆರಡು ಇನ್ನೂ ಬಗೆಹರಿದಿಲ್ಲ. ನಿಮ್ಮ ಕಡೆ ಹೇಗೆ ಹೇಳುತ್ತಾರೆ ತಿಳಿಸಿ.

ಬಾಕ್ಸ್ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಹಿಂದೆ ಆಫೀಸುಗಳಲ್ಲಿ ಎರಡು ಕಂಪ್ಯೂಟರಿಗೆ ಒಂದೇ ಪ್ರಿಂಟರ್ ಇದ್ದಾಗ ನಡುವೆ ಒಂದು ತಗಡಿನ ಡಬ್ಬಿ ಇಡುತ್ತಿದ್ದರು. ಮುಂದೆ ಒಂದು ನಾಬ್, ‘ಎ’ ಮತ್ತು ‘ಬಿ’. ಹಿಂದೆ 25 ಪಿನ್ನಿನ ಮೂರು ಸಾಕೆಟ್. ಲೇಸರ್ ಪ್ರೊಜೆಕ್ಟರಿಗೆ ಹೋಗುವ ಇಲ್ಡಾ ಕೇಬಲ್ಲಿಗೂ (ಇಲ್ಡಾ ಅಂದರೆ ಲೇಸರ್ ಶೋದವರ ಅಂತರರಾಷ್ಟ್ರೀಯ ಸಂಘ, ಈ ಕೇಬಲ್ಲಿನ ಮಾನದಂಡ ಅವರದು) ಅದೇ 25 ಪಿನ್ನಿನ ಡಿಬಿ-25 ಕನೆಕ್ಟರ್. ಹಾಗಾಗಿ ಸಿಗ್ನಲ್ ಕಳಿಸುವ ಒಂದೇ ಕಂಟ್ರೋಲರಿನಿಂದ ಎರಡು ಪ್ರೊಜೆಕ್ಟರನ್ನು ಸರದಿಯಂತೆ ನಡೆಸೋಕೆ ಆ ಹಳೇ ಡಬ್ಬಿ ಈಗಲೂ ಕೆಲಸಕ್ಕೆ ಬರುತ್ತದೆ.

ಇದನ್ನು ‘ಸಿಗ್ನಲ್ ಹಂಚುವ ಪೆಟ್ಟಿಗೆ’ ಅಂದರೆ ತಪ್ಪು ಅರ್ಥ ಬರುತ್ತದೆ. ಹಂಚುವುದು ಅಂದರೆ ಇಬ್ಬರಿಗೂ ಸಿಗಬೇಕು, ಅಲ್ವಾ? ಕೇಬಲ್ ಟಿವಿಯವರು ಒಂದು ವೈರಿಂದ ಎರಡು ಟಿವಿಗೆ ಕೊಡುತ್ತಾರಲ್ಲ, ಆ ಸ್ಪ್ಲಿಟರ್ ಮಾಡುವ ಕೆಲಸ ಅದು. ಇಲ್ಲಿ ‘ಎ’ಗೆ ಕೊಟ್ಟಾಗ ‘ಬಿ’ಗೆ ಇಲ್ಲ. ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಇರುವ ಮಾತು ‘ಚೇಂಜೋವರ್’. ಕರೆಂಟು ಹೋದಾಗ ಜನರೇಟರಿಗೆ ತಿರುಗಿಸುವ ಸ್ವಿಚ್ಚು. ಮಾತು ಚೆನ್ನಾಗಿದೆ, ಎಲ್ಲರಿಗೂ ಗೊತ್ತು. ಆದರೆ ಸಾಮಾನ್ಯವಾಗಿ ಆ ಚೇಂಜೋವರಿನ ನಡುವೆ ಒಂದು ಆಫ್ ಜಾಗ ಇರುತ್ತದೆ. ಈ ಪ್ರಿಂಟರ್ ಡಬ್ಬಿಯಲ್ಲಿ ಅದಿಲ್ಲ. ನಾಬ್ ‘ಎ’ ಬಿಟ್ಟರೆ ನೇರ ‘ಬಿ’. ನಡುವೆ ನಿಲ್ಲಿಸಿದರೆ ಆಫ್ ಆಗುತ್ತದೆ ಅಂತ ನಂಬಿಕೊಂಡವನು ತೊಂದರೆಗೆ ಸಿಕ್ಕಿಕೊಳ್ಳುತ್ತಾನೆ. ಹಾಗಾಗಿ ‘ಎ-ಬಿ ಡಬ್ಬಿ’ ಅಂತಲೇ ಬರೆದರೆ ಸಾಕು ಅನ್ನಿಸುತ್ತಿದೆ.

ನನಗೆ ಜಾಸ್ತಿ ಚಿಂತೆ ಇರುವುದು ‘ತೆಗೆ’ ಬಗ್ಗೆ.

ಪ್ರೊಜೆಕ್ಟರಿನೊಳಗೆ ಎರಡು ಪುಟ್ಟ ಕನ್ನಡಿಗಳು ಓಡಾಡುತ್ತಾ ಬೀಮನ್ನು ಎಡಬಲ, ಮೇಲೆಕೆಳಗೆ ಆಡಿಸುತ್ತವೆ. ಅವುಗಳ ಸಿಗ್ನಲ್ ಬರುವುದು 1 ಮತ್ತು 14, 2 ಮತ್ತು 15ನೇ ಪಿನ್ನುಗಳಲ್ಲಿ. ಕೆಂಪು, ಹಸಿರು, ನೀಲಿಗೆ ಬೇರೆ ಪಿನ್ನುಗಳು. ಬೀಮಿಗೆ ಅಡ್ಡ ಬಂದು ತಡೆಯುವ ಮುಚ್ಚಳ, ಅಂದರೆ ಶಟರಿಗೆ 13. ನಾಬ್ ತಿರುಗಿಸುವಾಗ ಇಷ್ಟೂ ತಂತಿ ಒಂದೇ ಗಳಿಗೆಯಲ್ಲಿ ಕೂಡುತ್ತವೆ ಅನ್ನುವ ಗ್ಯಾರಂಟಿ ಇಲ್ಲ. ಬಣ್ಣದ ತಂತಿ ಮೊದಲು ಕೂಡಿ ಕನ್ನಡಿಯದ್ದು ಆಮೇಲೆ ಕೂಡಿದರೆ, ಅಷ್ಟು ಹೊತ್ತು ಬೀಮು ಅಲ್ಲಾಡದೆ ಒಂದೇ ಚುಕ್ಕಿಯಾಗಿ ನಿಲ್ಲುತ್ತದೆ. ಎದುರಿಗೆ ಯಾರದಾದರೂ ಕಣ್ಣಿದ್ದರೆ ಕ್ಷಣದಲ್ಲೇ ಏಟು. ಅದಕ್ಕೇ ಕ್ರಮ ಹೀಗಿರಬೇಕು: ಮೊದಲು ಶಟರ್ ಮುಚ್ಚಿ, ಆಮೇಲೆ ನಾಬ್ ತಿರುಗಿಸಿ, ಕೊನೆಗೆ ಶಟರ್ ತೆರೆಯಿರಿ.

ಚೀಟಿಯಲ್ಲಿ ಬರೆಯೋಕೆ ಇದು ಸುಲಭ. ಆದರೆ ಶೋ ನಡುವೆ ‘ಮುಚ್ಚಿ, ತೆರೆಯಿರಿ’ ಅಂತ ಯಾರೂ ಕೂಗುವುದಿಲ್ಲ. ‘ಶಟರ್ ತೆಗಿ’, ‘ಶಟರ್ ಹಾಕು’ ಅಂತಾರೆ, ಅಂಗಡಿ ಶಟರಿಗೆ ಹೇಳುವ ಹಾಗೆ. ತೆಗೆದರೆ ಬೆಳಕು ಹೊರಗೆ ಬರುತ್ತದೆ. ಆದರೆ ಅದೇ ಹುಡುಗ ಮನೆಯಲ್ಲಿ ‘ಲೈಟ್ ಹಾಕು’ ಅಂದರೆ ಬೆಳಕು ಬರುತ್ತದೆ, ‘ಲೈಟ್ ತೆಗಿ’ ಅಂದರೆ ಆರುತ್ತದೆ. ಅದೇ ರೂಢಿಯಲ್ಲಿ ‘ಲೇಸರ್ ತೆಗಿ’ ಅಂದರೆ ನಿಲ್ಲಿಸು ಅಂತ. ಶಟರಿಗೆ ಹೇಳಿದ ‘ತೆಗಿ’ ಬೀಮನ್ನು ಹೊರಗೆ ಬಿಡುತ್ತದೆ, ಲೇಸರಿಗೆ ಹೇಳಿದ ‘ತೆಗಿ’ ತಡೆಯುತ್ತದೆ. ಸ್ಪೀಕರ್ ಗದ್ದಲದಲ್ಲಿ ಮೊದಲ ಪದ ಕೇಳಿಸದೆ ಬರೀ ‘ತೆಗಿ, ತೆಗಿ’ ಕೇಳಿಸಿದರೆ? ಲೇಸರಿನಿಂದ ಕಣ್ಣಿಗೆ ಆದ ಗಾಯ ವಾಸಿಯಾಗದೇ ಹೋಗಬಹುದು. ಪುಣೆಯಲ್ಲಿ 2024ರ ಗಣೇಶೋತ್ಸವದಲ್ಲಿ ಲೇಸರ್ ಬೀಮುಗಳಿಗೆ ಪೊಲೀಸರು ನಿಷೇಧ ಹಾಕಿದ್ದು ಸುಮ್ನೆ ಅಲ್ಲ.

ನಿಲ್ಲಿಸೋಕೆ ನನಗೆ ಒಪ್ಪಿಗೆಯಾದ ಮಾತು ‘ಬಂದ್’. ಉತ್ತರ ಕರ್ನಾಟಕದಲ್ಲಿ ಲೈಟೂ ಬಂದ್, ಅಂಗಡಿಯೂ ಬಂದ್. ಶಟರ್ ಬಂದ್ ಅಂದರೂ ಲೇಸರ್ ಬಂದ್ ಅಂದರೂ ಬೆಳಕು ಹೊರಗೆ ಬರಲ್ಲ. ಅರ್ಧ ಕೇಳಿಸಿದರೂ ಅರ್ಥ ಕೆಡುವುದಿಲ್ಲ. ಮೈಸೂರು ಕಡೆಯವರಿಗೂ ಪರಕೀಯ ಅನ್ನಿಸಲ್ಲ ಅಂದುಕೊಂಡಿದ್ದೇನೆ.

ಇದಕ್ಕೆ ಎದುರು ಮಾತು ಯಾವುದು? ‘ಚಾಲೂ’ ಲೇಸರಿಗೆ ಹೊಂದುತ್ತದೆ, ಶಟರಿಗೆ ಹೊಂದಲ್ಲ. ‘ಬೆಳಕು ಬಿಡಿ’ ಚೆಂದ ಇದೆ. ಆದರೆ ‘ಬಿಡಿ, ಬಿಡಿ’ ಅಂತ ಕೂಗಿದರೆ ಸಾಕು ನಿಲ್ಲಿಸಿ ಅಂತಲೂ ಆಗುತ್ತದಲ್ಲ.

ಇನ್ನೊಂದು ಸಣ್ಣ ವಿಷಯ. 4 ಮತ್ತು 17ನೇ ಪಿನ್ನಿನದು ಇಂಟರ್‌ಲಾಕ್. ಆ ಎರಡರ ಕೊಂಡಿ ಕಡಿದರೆ ಲೇಸರ್ ನಿಲ್ಲಬೇಕು. ಆದರೆ ಇಂಟರ್‌ಲಾಕ್ ಅಂದರೆ ಅಂಗಳಕ್ಕೆ ಹಾಸುವ ಇಟ್ಟಿಗೆ ಅಂತಲೇ ಹೆಚ್ಚಿನವರಿಗೆ ಗೊತ್ತು. ‘ಸುರಕ್ಷಾ ಕೊಂಡಿ’ ಅಂತ ಬರೆಯಲಾ?

ಸ್ಟೇಜ್ ಲೈಟಿಂಗ್ ಕೆಲಸ ಮಾಡುವವರು ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಇದ್ದರೆ ದಯವಿಟ್ಟು ಕೇಳಿ ಹೇಳಿ. ಮಂಗಳೂರು, ಬೀದರ್ ಕಡೆಯ ಬಳಕೆ ತಿಳಿದರೆ ತುಂಬಾ ಉಪಕಾರ.